ಅಂಗನವಾಡಿಯಲ್ಲಿ ಬರೀ ಆಟ ಆಡಿಸ್ತಾರಾ? ಆ ಆಟವನ್ನು ಬಡಮಕ್ಕಳ ಅಂಗಳಕ್ಕೆ ಒಯ್ದ ತಾರಾಬಾಯಿ ಮೋಡಕ್ ಕಥೆ

ಜೂನ್ ತಿಂಗಳು ಹತ್ತಿರ ಬಂತೆಂದರೆ ವಾಟ್ಸ್ಆಪ್ ಗುಂಪುಗಳಲ್ಲಿ ಒಂದೇ ಧಾಟಿಯ ಮೆಸೇಜ್‌ಗಳು ಓಡಾಡುತ್ತವೆ. ಅಂಗನವಾಡಿಗೆ ಹಾಕಿದರೆ ಮಗು ಆಡಿಕೊಂಡು, ಉಂಡುಕೊಂಡು ಮನೆಗೆ ಬರುತ್ತದೆ, ಏನೂ ಕಲಿಯುವುದಿಲ್ಲ ಎನ್ನುವುದು ಅವುಗಳ ಸಾರ. ಇದನ್ನು ನಂಬಿ ಕೂಲಿ ಮಾಡುವ ತಂದೆತಾಯಿಯೂ ಸಾಲ ಮಾಡಿ ಮೂರು ವರ್ಷದ ಮಗುವನ್ನು ಶಾಲೆಯ ವ್ಯಾನ್ ಹತ್ತಿಸುತ್ತಾರೆ. ಅಲ್ಲಿ ಆ ಮಗು ಬೆಂಚಿನ ಮೇಲೆ ಕೂತು ಸಾಲುಸಾಲಾಗಿ ಎ, ಬಿ, ಸಿ, ಡಿ ತಿದ್ದುತ್ತದೆ.

ಈ ಮಾತು ಎಷ್ಟು ಸರಿ? ಇದನ್ನು ಪರಿಶೀಲಿಸಲು ನಾವು ಎರಡು ಪ್ರಶ್ನೆ ಹಾಕಿಕೊಂಡೆವು. ಚಿಕ್ಕ ಮಕ್ಕಳ ಆಟದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂಬುದು ಒಂದು. ಅಂಗನವಾಡಿಯೊಳಗೆ ಆಟ ಬಂದದ್ದಾದರೂ ಹೇಗೆ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದಾಗ ನಮಗೆ ಸಿಕ್ಕಿದ್ದು ಒಬ್ಬ ಹೆಣ್ಣುಮಗಳ ಬದುಕಿನ ಕಥೆ. ಮಹಾರಾಷ್ಟ್ರದಲ್ಲಿ ಅವರ ಹೆಸರು ಚೆನ್ನಾಗಿ ಗೊತ್ತು. ನಮ್ಮಲ್ಲಿ ಅವರ ಹೆಸರಿಗಿಂತ ಅವರ ಕೆಲಸದಿಂದ ಬಂದ ಪದವೇ ಹೆಚ್ಚು ಪರಿಚಿತ: ಅಂಗನವಾಡಿ. ಅವರೇ ತಾರಾಬಾಯಿ ಮೋಡಕ್.

ಪ್ರಾಂಶುಪಾಲರ ಕುರ್ಚಿ ಬಿಟ್ಟು ಪುಟ್ಟ ಮಕ್ಕಳ ಬಳಿಗೆ

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು, ಮುಂಬೈಯಲ್ಲಿ. ತವರಿನ ಅಡ್ಡಹೆಸರು ಕೇಳ್ಕರ್. ಪ್ರಾರ್ಥನಾ ಸಮಾಜದ ಪ್ರಭಾವವಿದ್ದ, ಹೆಣ್ಣುಮಕ್ಕಳು ಓದಬೇಕು ಎಂದು ನಂಬಿದ್ದ ಮನೆ ಅದು. 1914ರಲ್ಲಿ ಅವರು ಮುಂಬೈ ವಿಶ್ವವಿದ್ಯಾಲಯದ ಪದವಿ ಪಡೆದರು. ಆ ಕಾಲದಲ್ಲಿ ಪದವಿ ಪಡೆದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಆಮೇಲೆ ಅಮರಾವತಿಯ ವಕೀಲ ಕೆ.ವಿ. ಮೋಡಕ್ ಅವರೊಂದಿಗೆ ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು. ಆದರೆ ಸಂಸಾರ ಉಳಿಯಲಿಲ್ಲ. 1921ರಲ್ಲಿ ಇಬ್ಬರೂ ಬೇರೆಯಾದರು. ಗಂಡನನ್ನು ಬಿಟ್ಟ ಹೆಂಗಸು ಎಂದರೆ ಇವತ್ತಿಗೂ ಬೆನ್ನ ಹಿಂದೆ ಮಾತಾಡುವ ಜನ ಇದ್ದಾರೆ. ನೂರು ವರ್ಷದ ಹಿಂದೆ ಪುಟ್ಟ ಮಗಳನ್ನು ಕಟ್ಟಿಕೊಂಡು ಒಂಟಿಯಾಗಿ ನಿಂತ ತಾರಾಬಾಯಿಗೆ ಏನೇನು ಎದುರಾಗಿರಬಹುದು ಎಂದು ನೀವೇ ಊಹಿಸಿ.

ಅವರು ಗುಜರಾತಿನ ರಾಜಕೋಟ್‌ಗೆ ಹೋಗಿ ಬಾರ್ಟನ್ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಶಿಕ್ಷಕಿಯರನ್ನು ತಯಾರು ಮಾಡುವ ಕಾಲೇಜು ಅದು. ಒಳ್ಳೆಯ ಹುದ್ದೆ, ಒಳ್ಳೆಯ ಸಂಬಳ. ಮಗಳನ್ನು ಸಾಕುತ್ತಾ ಅಲ್ಲಿಯೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಹತ್ತಿರದ ಭಾವನಗರದಲ್ಲಿ ನಡೆಯುತ್ತಿದ್ದ ಒಂದು ಪ್ರಯೋಗದ ಸುದ್ದಿ ಅವರ ಕಿವಿಗೆ ಬಿತ್ತು. 1923ರಲ್ಲಿ ಕಾಲೇಜಿನ ಕೆಲಸ ಬಿಟ್ಟು ಅಲ್ಲಿಗೆ ಹೊರಟರು.

ಮೀಸೆ ಇರುವ ಅಮ್ಮ

ಭಾವನಗರದ ಪ್ರಯೋಗ ನಡೆಸುತ್ತಿದ್ದವರು ಗಿಜುಭಾಯಿ ಬಧೇಕಾ. ಅವರೂ ಮೊದಲು ವಕೀಲರು. ಮಗ ಹುಟ್ಟಿದ ಮೇಲೆ ಅವನನ್ನು ಹೇಗೆ ಓದಿಸಬೇಕೆಂದು ಯೋಚಿಸುತ್ತಾ ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ ಅವರ ಬರಹಗಳನ್ನು ಓದಿದರು. ಕೊನೆಗೆ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿ, 1920ರಲ್ಲಿ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ತೆರೆದರು. ಹೊಡೆತವಿಲ್ಲ, ಬೈಗುಳವಿಲ್ಲ, ಉರು ಹೊಡೆಯುವುದಿಲ್ಲ. ಅಲ್ಲಿದ್ದದ್ದು ಕಥೆ, ಹಾಡು, ಮಣ್ಣು, ಬಣ್ಣ, ನಾಟಕ, ಆಟಿಕೆ. ಜನ ಅವರನ್ನು ಮೀಸೆ ಇರುವ ಅಮ್ಮ ಎಂದು ಪ್ರೀತಿಯಿಂದ ಕರೆಯುತ್ತಿದ್ದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸೋಣ. ಮಾಂಟೆಸ್ಸರಿ ಎಂದರೆ ದುಡ್ಡಿದ್ದವರ ಮಕ್ಕಳ ಶಾಲೆ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ನಗರಗಳ ಫೀಸಿನ ಬೋರ್ಡು ನೋಡಿದರೆ ಹಾಗೆ ಅನಿಸುವುದು ಸಹಜ. ಆದರೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ. ತಂದೆತಾಯಿ ದುಡಿಯಲು ಹೋದಾಗ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳೇ ಅವರ ಮೊದಲ ವಿದ್ಯಾರ್ಥಿಗಳು. ಮರದ ತುಂಡು, ಪೆಟ್ಟಿಗೆ, ಗುಂಡಿ ಹಾಕುವ ಚೌಕಟ್ಟು ಇವನ್ನೆಲ್ಲ ಕೈಯಾರೆ ಮುಟ್ಟಿ ಜೋಡಿಸುತ್ತಾ ಆ ಮಕ್ಕಳು ಕಲಿತರು.

ತಾರಾಬಾಯಿ ಭಾವನಗರದಲ್ಲಿ ಸುಮಾರು ಒಂಬತ್ತು ವರ್ಷ ಇದ್ದರು. 1926ರಲ್ಲಿ ಅವರು ಮತ್ತು ಗಿಜುಭಾಯಿ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ಶಿಕ್ಷಣ ಪತ್ರಿಕಾ ಎಂಬ ಪತ್ರಿಕೆಯ ಮೂಲಕ ಮಕ್ಕಳನ್ನು ಹೊಡೆಯಬೇಡಿ, ಆಡಲು ಬಿಡಿ ಎಂಬ ವಿಚಾರವನ್ನು ಪಾಲಕರಿಗೆ ತಲುಪಿಸಿದರು. ಆಮೇಲೆ ಮುಂಬೈಗೆ ಮರಳಿ, 1930ರ ದಶಕದಲ್ಲಿ ದಾದರ್‌ನಲ್ಲಿ ಶಿಶುವಿಹಾರ ಆರಂಭಿಸಿದರು. ಬಾಲವಾಡಿಗೆ ಬೇಕಾದ ಶಿಕ್ಷಕಿಯರ ತರಬೇತಿಯೂ ನಡೆಯಿತು.

ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಶಿಶುವಿಹಾರಕ್ಕೆ ಬರುತ್ತಿದ್ದವರು ಹೆಚ್ಚಾಗಿ ಪೇಟೆಯ ಮಧ್ಯಮ ವರ್ಗದ ಮಕ್ಕಳು. ಹಳ್ಳಿಯ ಬಡಮಕ್ಕಳ ಗತಿ ಏನು? ಅಚ್ಚುಕಟ್ಟಾದ ಮಾಂಟೆಸ್ಸರಿ ಸಲಕರಣೆಗಳನ್ನು ಕೊಳ್ಳಲು ಯಾವ ಹಳ್ಳಿಯ ಬಳಿ ದುಡ್ಡಿದೆ? ಗಾಂಧೀಜಿಯವರ ಗ್ರಾಮ ಪುನರ್‌ರಚನೆಯ ವಿಚಾರಗಳು ಎಲ್ಲೆಡೆ ಚರ್ಚೆಯಾಗುತ್ತಿದ್ದ ದಿನಗಳವು. ತಾರಾಬಾಯಿ ಆ ಪ್ರಶ್ನೆಯನ್ನು ತಮಗೇ ಹಾಕಿಕೊಂಡರು.

ಮಕ್ಕಳು ಬಾರದಿದ್ದರೆ ಶಾಲೆಯೇ ಹೋಗಲಿ

1945ರಲ್ಲಿ, 53ನೇ ವಯಸ್ಸಿನಲ್ಲಿ, ಅವರು ಬೋರ್ಡಿ ಎಂಬ ಊರಿಗೆ ಹೋದರು. ಮುಂಬೈಯಿಂದ ಉತ್ತರಕ್ಕೆ, ಗುಜರಾತ್ ಗಡಿಯ ಹತ್ತಿರ, ಅರಬ್ಬೀ ಸಮುದ್ರದ ದಡದಲ್ಲಿರುವ ಊರು ಅದು. ಆಗ ಠಾಣೆ ಜಿಲ್ಲೆ, ಈಗ ಪಾಲ್ಘರ್ ಜಿಲ್ಲೆ. ಅಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಶುರುವಾಯಿತು. ಅದೇ ವರ್ಷ ಅವರ ಜೊತೆ ಸೇರಿದವರು ಅನುತಾಯಿ ವಾಘ್. ಬಾಲ್ಯದಲ್ಲೇ ಮದುವೆಯಾಗಿ, ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಛಲದಿಂದ ಓದಿ ಶಿಕ್ಷಕಿಯಾದವರು ಅನುತಾಯಿ. ಮುಂದೆ ಬದುಕಿಡೀ ಅವರು ಈ ಕೆಲಸ ಬಿಡಲಿಲ್ಲ.

ಬೋರ್ಡಿಯಲ್ಲಿ ಬಾಲವಾಡಿ ತೆರೆದದ್ದಾಯಿತು. ಬಾಲವಾಡಿ ಎಂದರೆ ಮಕ್ಕಳ ತೋಟ. ಆದರೆ ಯಾರು ಬರಬೇಕೆಂದು ಅದನ್ನು ತೆರೆದಿದ್ದರೋ ಆ ದಲಿತ ಕೇರಿಯ ಮಕ್ಕಳು, ಬಡವರ ಮಕ್ಕಳು ಬರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ತಂದೆತಾಯಿ ಬೆಳಗಾಗುವ ಮುಂಚೆಯೇ ಕೂಲಿಗೆ ಹೋಗುತ್ತಾರೆ. ಮಗುವಿನ ತಲೆ ಬಾಚಿ, ಬಟ್ಟೆ ಹಾಕಿ, ಕೈ ಹಿಡಿದು ಕರೆತರುವವರು ಯಾರು? ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲದ ಮಗು ಮೇಲ್ಜಾತಿಯವರ ಮಕ್ಕಳು ಕೂತಿರುವ ಕಡೆ ಹೇಗೆ ಬಂದು ಕೂರುತ್ತದೆ? ಶಾಲೆ ನಮ್ಮದಲ್ಲ ಎನ್ನುವುದು ಆ ಕೇರಿಗಳು ತಲೆಮಾರುಗಳಿಂದ ಕಲಿತಿದ್ದ ಪಾಠ.

ಇಂಥ ಕಡೆ ಬಹಳ ಜನ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಈ ಜನಕ್ಕೆ ಓದು ಬೇಕಾಗಿಲ್ಲ. ತಾರಾಬಾಯಿ ಹಾಗೆ ಹೇಳಲಿಲ್ಲ. ಮಗು ಬಾಲವಾಡಿಗೆ ಬರಲಾಗದಿದ್ದರೆ ಬಾಲವಾಡಿಯೇ ಮಗುವಿನ ಬಳಿ ಹೋಗಬೇಕು ಎಂದು ನಿರ್ಧರಿಸಿದರು. ಕಾರ್ಯಕರ್ತೆಯರು ಆಟದ ಸಾಮಾನು ಹೊತ್ತು ಕೇರಿಗೆ ಹೊರಟರು. ಯಾರದೋ ಗುಡಿಸಲಿನ ಮುಂದಿನ ಅಂಗಳವನ್ನು ಗುಡಿಸಿದರು. ಸುತ್ತಲಿನ ಮಕ್ಕಳನ್ನು ಕೂಡಿಸಿ ಮುಖ ತೊಳೆಸಿದರು, ತಲೆ ಬಾಚಿದರು, ಉಗುರು ಕತ್ತರಿಸಿದರು. ಹಾಡು, ಕಥೆ, ಆಟ ಅಲ್ಲೇ ಶುರುವಾಯಿತು.

ಮರಾಠಿಯಲ್ಲಿ ಅಂಗಣ ಎಂದರೆ ನಮ್ಮ ಅಂಗಳವೇ. ಅಂಗಳದಲ್ಲಿ ನಡೆಯುವ ವಾಡಿ ಅಂಗನವಾಡಿ. ಹೆಸರು ಹುಟ್ಟಿದ್ದು ಹೀಗೆ. ಆರಂಭದ ಅಂಗನವಾಡಿಗೆ ಕಟ್ಟಡ ಬೇಕಾಗಿರಲಿಲ್ಲ. ಗುಡಿಸಿದ ಒಂದು ಅಂಗಳ, ಅಲ್ಲಿಗೆ ನಡೆದು ಹೋಗುವ ಒಬ್ಬ ಟೀಚರ್, ಆಡಲು ಏನಾದರೂ ಇದ್ದರೆ ಸಾಕಿತ್ತು.

ಅಂಗಳದಲ್ಲಿ ಶಾಲೆ ನಡೆದದ್ದರಿಂದ ಇನ್ನೊಂದು ಲಾಭವೂ ಆಯಿತು. ಮಗು ಆಡುವುದನ್ನು ಮನೆಯವರು ಕಣ್ಣಾರೆ ನೋಡಿದರು. ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಾಳೆ, ಅಮ್ಮ ಕೆಲಸದಿಂದ ಬಂದು ನೋಡುತ್ತಾಳೆ. ಉಗುರು ಏಕೆ ಕತ್ತರಿಸಬೇಕು, ಕೈ ಏಕೆ ತೊಳೆಯಬೇಕು ಎಂಬುದಕ್ಕೆ ಬೇರೆ ಭಾಷಣ ಬೇಕಾಗುವುದಿಲ್ಲ.

ಆಟಿಕೆಗೆ ದುಡ್ಡೆಲ್ಲಿ?

ಸಮುದ್ರದ ದಡದಲ್ಲಿ ಕಪ್ಪೆಚಿಪ್ಪು ಬಿದ್ದಿರುತ್ತದೆ. ಮರದ ಕೆಳಗೆ ಬೀಜ, ಎಲೆ, ಹೂವು ಸಿಗುತ್ತದೆ. ಕಲ್ಲು, ಮಣ್ಣು, ಮರಳಿಗೆ ಕಾಸು ಕೊಡಬೇಕಾಗಿಲ್ಲ. ತಾರಾಬಾಯಿ ಮಾಂಟೆಸ್ಸರಿಯ ತತ್ವವನ್ನು ಇಟ್ಟುಕೊಂಡು ಸಲಕರಣೆಯನ್ನು ಊರಿನಲ್ಲೇ ಹುಡುಕಿದರು.

ಇದು ಬಡವರಿಗೆ ಇಷ್ಟು ಸಾಕು ಎಂಬ ಉದಾಸೀನ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಮಗು ಹಿಡಿ ತುಂಬ ಬೀಜಗಳನ್ನು ದೊಡ್ಡದು, ಚಿಕ್ಕದು ಎಂದು ಬೇರೆ ಮಾಡುವಾಗ ಹೋಲಿಕೆ ಕಲಿಯುತ್ತದೆ. ಚಿಪ್ಪುಗಳನ್ನು ಸಾಲಾಗಿಟ್ಟು ಒಂದೊಂದಾಗಿ ಮುಟ್ಟಿದರೆ ಎಣಿಕೆ ಬರುತ್ತದೆ. ಬಾಯಲ್ಲಿ ಒಂದು, ಎರಡು ಎನ್ನುವುದು ಸುಲಭ. ಒಂದು ಅಂಕಿಗೆ ಒಂದೇ ವಸ್ತು ಎಂದು ತಿಳಿಯುವುದು ಕಷ್ಟ, ಗಣಿತ ಶುರುವಾಗುವುದು ಅಲ್ಲಿಂದ. ಮಣ್ಣು ನಾದುವ ಬೆರಳಿಗೆ ಮುಂದೆ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ. ಕಥೆ ಕೇಳಿ ನಟಿಸುವ ಮಗು ಹೊಸ ಪದ ಕಲಿಯುತ್ತದೆ, ತನ್ನ ಸರದಿಗೆ ಕಾಯುವುದನ್ನೂ ಕಲಿಯುತ್ತದೆ. ನಮ್ಮ ಹಳ್ಳಿಗಳ ಅಳಗುಳಿ ಮಣೆ, ಚೌಕಾಬಾರ, ಕುಂಟೆಬಿಲ್ಲೆಗಳಲ್ಲಿ ಇರುವ ಲೆಕ್ಕವೂ ಇಂಥದ್ದೇ. ಹುಣಸೆ ಬೀಜದಲ್ಲಿ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದನ ಕಾಯುವ ಮಕ್ಕಳ ಹಿಂದೆ ಹೋದ ಶಾಲೆ

1957ರಲ್ಲಿ ಸಂಸ್ಥೆ ಬೋರ್ಡಿಯಿಂದ ಹತ್ತಿರದ ಕೋಸಬಾಡ್ ಗುಡ್ಡಕ್ಕೆ ಹೋಯಿತು. ಅದು ವಾರ್ಲಿ ಆದಿವಾಸಿಗಳ ಸೀಮೆ. ವಾರ್ಲಿ ಚಿತ್ರಕಲೆ ಇಂದು ಸೀರೆಯ ಸೆರಗಿನ ಮೇಲೂ ಹೋಟೆಲ್ ಗೋಡೆಯ ಮೇಲೂ ಇದೆ. ಆದರೆ ಆ ಚಿತ್ರ ಬರೆಯುವವರ ಮಕ್ಕಳು ಆಗ ಶಾಲೆಯ ಮುಖ ನೋಡುವುದೇ ಅಪರೂಪವಾಗಿತ್ತು. ಅವರ ಮನೆಮಾತಿಗೂ ಪಠ್ಯಪುಸ್ತಕದ ಮರಾಠಿಗೂ ಬಹಳ ದೂರ. ಎಂಟು ವರ್ಷದ ಅಕ್ಕ ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡಿರಬೇಕು. ಸ್ವಲ್ಪ ದೊಡ್ಡ ಹುಡುಗ ದನ, ಆಡು ಮೇಯಿಸಬೇಕು.

ಇಲ್ಲಿಯೂ ತಾರಾಬಾಯಿ ಮತ್ತು ಅನುತಾಯಿ ಮಕ್ಕಳನ್ನು ದೂರಲಿಲ್ಲ, ಶಾಲೆಯ ರೂಪ ಬದಲಿಸಿದರು. ಕೂಸುಗಳನ್ನು ನೋಡಿಕೊಳ್ಳುವ ಕೋಣೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ತಂದು ಅದಕ್ಕೆ ವಿಕಾಸವಾಡಿ ಎಂದು ಹೆಸರಿಟ್ಟರು. ತಮ್ಮನನ್ನು ಎತ್ತಿಕೊಂಡು ಬಂದ ಅಕ್ಕ ಅವನನ್ನು ಅಲ್ಲಿ ಬಿಟ್ಟು ತಾನು ಪಾಠಕ್ಕೆ ಕೂರಬಹುದಿತ್ತು. ದನ ಕಾಯುವ ಮಕ್ಕಳಿಗಾಗಿ ಕುರಣಶಾಲೆ ಬಂತು. ಕುರಣ ಎಂದರೆ ಹುಲ್ಲುಗಾವಲು. ದನ ಮೇಯುವ ಕಡೆಗೇ ಟೀಚರ್ ಹೋಗುತ್ತಿದ್ದರು. ಪಾಠಕ್ಕೂ ಆಟಕ್ಕೂ ಬೇಕಾದದ್ದು ಸುತ್ತಲೂ ಇತ್ತು. ಹಗಲೆಲ್ಲ ದುಡಿಯುವವರಿಗೆ ರಾತ್ರಿ ಶಾಲೆಯೂ ನಡೆಯಿತು.

1962ರಲ್ಲಿ ಭಾರತ ಸರ್ಕಾರ ತಾರಾಬಾಯಿಗೆ ಪದ್ಮಭೂಷಣ ಕೊಟ್ಟಿತು. 1973ರ ಆಗಸ್ಟ್ 31ರಂದು ಅವರು ತೀರಿಕೊಂಡರು. ಕೋಸಬಾಡ್‌ನ ಕೆಲಸವನ್ನು ಅನುತಾಯಿ 1992ರಲ್ಲಿ ತಾವು ಸಾಯುವವರೆಗೂ ಮುಂದುವರಿಸಿದರು.

ಟಿ. ನರಸೀಪುರಕ್ಕೆ ಬಂದ ಅಂಗಳ

ತಾರಾಬಾಯಿ ಹೋಗಿ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಯೋಗವಾಗಿ ಆರಂಭಿಸಿತು. ಅದರ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇಂದು ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ತಮ್ಮ ಅಂಗಳ ಇಷ್ಟು ದೊಡ್ಡದಾದದ್ದನ್ನು ತಾರಾಬಾಯಿ ನೋಡಲಿಲ್ಲ.

ಯೋಜನೆಯಲ್ಲಿ ಆರು ಸೇವೆಗಳು ಇದ್ದವು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಮತ್ತು ಶಾಲಾಪೂರ್ವ ಶಿಕ್ಷಣ. ಆಟ ಬರುವುದು ಈ ಕೊನೆಯದರಲ್ಲಿ. ಅಂದರೆ ಅಂಗನವಾಡಿಯಲ್ಲಿ ಮಗು ಆಡುವುದು ಟೀಚರ್ ಪಾಠ ಮಾಡದ ಕಾರಣಕ್ಕಲ್ಲ. ಆಡಿಸುವುದೇ ಅಲ್ಲಿನ ಪಾಠ.

ಹಾಗಾದರೆ ವಿಜ್ಞಾನ ಏನು ಹೇಳುತ್ತದೆ?

ಆಟ ಒಳ್ಳೆಯದು ಎಂದು ಹೇಳುವುದು ಸುಲಭ, ಪುರಾವೆ ಬೇಕಲ್ಲ? ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದ ಅಧ್ಯಯನ ನಡೆದದ್ದು ಜಮೈಕಾದಲ್ಲಿ. 1980ರ ದಶಕದಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 9ರಿಂದ 24 ತಿಂಗಳ, ಅಪೌಷ್ಟಿಕತೆಯಿಂದ ಬೆಳವಣಿಗೆ ಕುಂಠಿತವಾದ ಮಕ್ಕಳು. ಕೆಲವರಿಗೆ ಪೂರಕ ಆಹಾರ ಕೊಟ್ಟರು, ಕೆಲವರ ಮನೆಗೆ ಆಟ ಒಯ್ದರು, ಕೆಲವರಿಗೆ ಎರಡನ್ನೂ ಕೊಟ್ಟರು, ಉಳಿದವರಿಗೆ ಎರಡೂ ಇರಲಿಲ್ಲ. ಆಟ ಒಯ್ದವರು ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು. ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಕಾಲ ಹೋಗಿ, ಮನೆಯ ಸಾಮಾನಿನಿಂದ ಮಾಡಿದ ಆಟಿಕೆಗಳೊಂದಿಗೆ ಮಗುವಿನ ಜೊತೆ ಹೇಗೆ ಆಡಬೇಕೆಂದು ತಾಯಿಗೆ ತೋರಿಸಿದರು.

ಇಪ್ಪತ್ತು ವರ್ಷದ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟ ಸಿಕ್ಕವರ ಸಂಪಾದನೆ ಆಟ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಬರೀ ಪೂರಕ ಆಹಾರ ಪಡೆದವರಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಇದು ಸಣ್ಣ ಅಧ್ಯಯನ ಎಂಬುದನ್ನು ಮರೆಯಬಾರದು, ಮಕ್ಕಳಿಗೆ ಊಟ ಬೇಡ ಎಂದು ಇದರ ಅರ್ಥವೂ ಅಲ್ಲ. ಹಸಿದ ಮಗು ಆಡಲಾರದು. ಊಟದ ಜೊತೆ ಆಟವೂ ಬೇಕು ಎನ್ನುವುದು ಇಲ್ಲಿನ ಮಾತು.

ನಮ್ಮ ದೇಶದಲ್ಲೂ ಇದನ್ನು ಪರೀಕ್ಷಿಸಿದ್ದಾರೆ. ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ 400ಕ್ಕೂ ಹೆಚ್ಚು ಪುಟ್ಟ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಅದೇ ಕೇರಿಯ ಮಹಿಳೆಯರು ವಾರಕ್ಕೊಮ್ಮೆ ಮನೆಗೆ ಹೋಗಿ 18 ತಿಂಗಳು ತಾಯಿ ಮತ್ತು ಮಗುವಿಗೆ ಆಟ ಕಲಿಸಿದರು. ಅಲ್ಲಿಯೂ ಕೈಯಲ್ಲಿ ಮಾಡಿದ ಆಟಿಕೆಗಳೇ. ಆ ಮಕ್ಕಳ ಗ್ರಹಿಕೆಯ ಶಕ್ತಿ ಉಳಿದವರಿಗಿಂತ ಉತ್ತಮವಾಯಿತು. ಬೋರ್ಡಿಯ ಕಾರ್ಯಕರ್ತೆಯರು ಕೇರಿಗೆ ಹೊರಟಾಗ ಇಂಥ ಅಂಕಿಅಂಶ ಯಾರ ಕೈಯಲ್ಲೂ ಇರಲಿಲ್ಲ. ತಾರಾಬಾಯಿ ಮಕ್ಕಳನ್ನು ನೋಡಿ ಕಂಡುಕೊಂಡಿದ್ದರು.

ಮನೆಯಲ್ಲಿ, ಊರಿನಲ್ಲಿ ನಾವೇನು ಮಾಡಬಹುದು?

ಎಲ್ಲ ಅಂಗನವಾಡಿಗಳೂ ಚೆನ್ನಾಗಿ ನಡೆಯುತ್ತಿವೆ ಎಂದು ನಾವು ಹೇಳುತ್ತಿಲ್ಲ. ಎಷ್ಟೋ ಕಡೆ ಟೀಚರ್‌ಗೆ ಸರ್ವೆ, ರಿಜಿಸ್ಟರು, ಮೊಬೈಲ್ ಆಪ್‌ನಲ್ಲೇ ದಿನ ಕಳೆಯುತ್ತದೆ. ಆಟಿಕೆ ಇದ್ದರೂ ಹಾಳಾಗುತ್ತದೆಂದು ಬೀರುವಿನಲ್ಲಿ ಬೀಗ ಹಾಕಿಟ್ಟಿರುವುದೂ ಉಂಟು. ಆದ್ದರಿಂದ ನಿಮ್ಮೂರಿನ ಅಂಗನವಾಡಿಗೆ ಹೋದಾಗ ಮಗುವಿಗೆ ಎಬಿಸಿಡಿ ಬಂತೇ ಎಂದು ಕೇಳುವ ಬದಲು, ದಿನಕ್ಕೆ ಎಷ್ಟು ಹೊತ್ತು ಆಡಿಸುತ್ತೀರಿ, ಕಥೆ ಹೇಳುತ್ತೀರಾ, ಆಟಿಕೆ ಮಕ್ಕಳ ಕೈಗೆ ಸಿಗುತ್ತದೆಯೇ ಎಂದು ಕೇಳಿ. ಕೇಳುವ ಪಾಲಕರು ಇದ್ದರೆ ಬೀರು ತೆರೆಯುತ್ತದೆ.

ಮನೆಯಲ್ಲಿ ಆಟಿಕೆ ಕೊಳ್ಳಲೇಬೇಕೆಂದಿಲ್ಲ. ಪಾತ್ರೆ, ಲೋಟ, ಹಳೆ ಬಟ್ಟೆಯ ಗೊಂಬೆ, ತೆಂಗಿನ ಚಿಪ್ಪು, ಖಾಲಿ ಬೆಂಕಿಪೊಟ್ಟಣ ಸಾಕು. ಒಂದು ಎಚ್ಚರ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬೀಜ, ಗೋಲಿ, ಮಣಿ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಅದಕ್ಕಿಂತ ದೊಡ್ಡ ಮಕ್ಕಳೂ ಅವುಗಳಲ್ಲಿ ಆಡುವಾಗ ದೊಡ್ಡವರು ಹತ್ತಿರ ಇರಬೇಕು.

ಇನ್ನೊಂದು ಮಾತು ಈ ಬರಹವನ್ನು ಓದುತ್ತಿರುವ ಫೋನಿನ ಬಗ್ಗೆಯೇ. ಊಟ ಮಾಡಿಸಲು ಮಗುವಿನ ಕೈಗೆ ಫೋನ್ ಕೊಡುವುದು ಈಗ ಬಡವರ ಮನೆಯಲ್ಲೂ ಇದೆ, ಶ್ರೀಮಂತರ ಮನೆಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಮೂರು, ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 3 ಗಂಟೆ ಮೈಯಾಡಿಸಬೇಕು, ಸ್ಕ್ರೀನ್ ನೋಡುವುದು 1 ಗಂಟೆ ಮೀರಬಾರದು. ಒಂದು ವರ್ಷದೊಳಗಿನ ಕೂಸಿಗೆ ಸ್ಕ್ರೀನ್ ಬೇಡವೇ ಬೇಡ.

ನಾವು ಕಂಡುಕೊಂಡದ್ದು ಇಷ್ಟು. ಅಂಗನವಾಡಿಯಲ್ಲಿ ಬರೀ ಆಟ ಆಡಿಸುತ್ತಾರೆ, ಏನೂ ಕಲಿಸುವುದಿಲ್ಲ ಎಂಬ ಮಾತು ತಪ್ಪು. ಮೂರರಿಂದ ಆರು ವರ್ಷದ ಮಗು ಕಲಿಯುವ ಮುಖ್ಯ ದಾರಿಯೇ ಆಟ. ಆಟಿಕೆ ಕೊಳ್ಳಲಾಗದ ಮನೆಯ ಮಗುವಿಗೂ ಆ ದಾರಿ ಸಿಗಲಿ ಎಂದು 80 ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಪೇಟೆ ಬಿಟ್ಟು ಕೇರಿಯ ಅಂಗಳಕ್ಕೆ ನಡೆದಳು. ಮುಂದಿನ ಸಲ ಆ ಮೆಸೇಜ್ ನಿಮ್ಮ ಗುಂಪಿಗೆ ಬಂದರೆ, ಉತ್ತರವಾಗಿ ತಾರಾಬಾಯಿಯ ಕಥೆಯನ್ನು ಕಳಿಸಿ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಮನೆಯ ಮಗುವಿನ ಜೊತೆ ಸ್ವಲ್ಪ ಹೊತ್ತು ನೆಲದ ಮೇಲೆ ಕೂತುಕೊಳ್ಳಿ.